ಮುಗಿಯದ ಸರಣಿಯನ್ನು ವಿಮರ್ಶಿಸುವುದು ಹೇಗೆ?

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯ ನಾಲ್ಕನೇ ಸಂಪುಟ ‘ಎ ಫೀಸ್ಟ್ ಫಾರ್ ಕ್ರೋಸ್’ (2005) ಓದಿ, ಅದು ಸೋತ ಕಾದಂಬರಿ ಅಂತ ತರಗತಿಯಲ್ಲಿ ಹೇಳಿಬಿಟ್ಟಿದ್ದೆ. ಟಿರಿಯನ್, ಡೆನೇರಿಸ್ ಅದರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ ಅನ್ನುವುದು ನನ್ನ ತಕರಾರು.

ಐದನೆಯದಾದ ‘ಎ ಡಾನ್ಸ್ ವಿತ್ ಡ್ರ್ಯಾಗನ್ಸ್’ (2011) ಓದಿದ ಮೇಲೆ ಎಡವಿದ್ದೆಲ್ಲಿ ಅಂತ ತಿಳಿಯಿತು. ಕಥೆ ಒಂದು ಸಂಪುಟಕ್ಕೆ ಹಿಡಿಸದಾದಾಗ ಮಾರ್ಟಿನ್ ಅದನ್ನು ಕಾಲದ ಪ್ರಕಾರ ಕತ್ತರಿಸಲಿಲ್ಲ. ಪಾತ್ರ ಮತ್ತು ಪ್ರದೇಶದ ಪ್ರಕಾರ ಹಂಚಿದರು. ಹಾಗಾಗಿ ಎರಡು ಸಂಪುಟಗಳ ಬಹಳಷ್ಟು ಘಟನೆಗಳು ಒಂದೇ ಕಾಲದಲ್ಲಿ ನಡೆಯುತ್ತವೆ. ಅಂದ್ರೆ, ನಾನು ಅರ್ಧವನ್ನೇ ಇಡೀ ಅಂದುಕೊಂಡು ತೂಗಿದ್ದೆ. ಇಲ್ಲದವರನ್ನು ಹುಡುಕುತ್ತಾ, ಯುದ್ಧದಿಂದ ಹಾಳಾದ ನಾಡಿನಲ್ಲಿ ಬ್ರಿಯೆನ್ ಅಲೆಯುವ ಅಧ್ಯಾಯಗಳನ್ನು ಸರಿಯಾಗಿ ಓದಿರಲೇ ಇಲ್ಲ.

ನಮ್ಮ ಕಾಸರಗೋಡಿನ ಕಡೆ ಯಕ್ಷಗಾನಕ್ಕೆ ಕೂತವರಿಗೆ ಪ್ರಸಂಗದ ಹಿಂದುಮುಂದಿನ ಕಥೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಇಲ್ಲಿ ಆ ಅನುಕೂಲ ಇಲ್ಲ. ಆರನೇ ಸಂಪುಟ ಇನ್ನೂ ಬಂದಿಲ್ಲ. ಆದ್ದರಿಂದ ವಿಮರ್ಶಕ ಎರಡನ್ನು ಬೇರೆ ಮಾಡಲೇಬೇಕು: ಲೇಖಕ ಮುಂದಕ್ಕೆ ಬಾಕಿ ಇಟ್ಟದ್ದು ಯಾವುದು, ಬರೆದೂ ಸಾಧಿಸಲಾಗದೆ ಹೋದದ್ದು ಯಾವುದು. ತೀರ್ಪು ಕೊಡಬಹುದಾದದ್ದು ಎರಡನೆಯದಕ್ಕೆ ಮಾತ್ರ.