ಆಹಾರದ ಹೊದಿಕೆಗೆ ಮಣ್ಣಾಗುವ ತೆಳುಪೊರೆ

ಮಂಡ್ಯದ ಆಲೆಮನೆಗಳಲ್ಲಿ ಹದವಾಗಿ ಇಳಿದ ಅಚ್ಚುಬೆಲ್ಲವು ಬೇಸಿಗೆಯಲ್ಲಿ ಕಲ್ಲಿನಂತಿದ್ದು, ಮಳೆಗಾಲ ಬಂದೊಡನೆ ಬೆವರತೊಡಗುವುದನ್ನು ಆ ಸೀಮೆಯವರೆಲ್ಲರೂ ಬಲ್ಲರು. ಬೆಲ್ಲದಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್ ಮತ್ತು ಲವಣಗಳು ಗಾಳಿಯ ತೇವವನ್ನು ಸೆಳೆದುಕೊಳ್ಳುತ್ತವೆ. ಮೇಲ್ಮೈ ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ. ಇದನ್ನು ತಡೆಯಲು ಪಾಲಿಥೀನ್ ಬಲು ಸಮರ್ಥವಾದುದು. ಆದರೆ ಅದು ಮಣ್ಣಿಗೆ ಬಿದ್ದರೆ ಕೊಳೆಯದು. ಕರ್ನಾಟಕ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ ಚೀಲ ಮೊದಲಾದವನ್ನು ನಿಷೇಧಿಸಿತು. ಒಮ್ಮೆ ಮಾತ್ರ ಬಳಸುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಕೊಳೆತು ಮಣ್ಣಾಗುವ, ಜೊತೆಗೆ ಸೂಕ್ಷ್ಮಜೀವಿಗಳನ್ನೂ ತಡೆಯುವ ಪೊರೆಯೊಂದನ್ನು ಪಾಲಿಥೀನಿನ ಸ್ಥಾನದಲ್ಲಿ ಇರಿಸಬಹುದೇ ಎಂಬುದನ್ನು ನಾವಿಲ್ಲಿ ವಿಚಾರಿಸುತ್ತೇವೆ.

ಇಂಥ ಪೊರೆಗೆ ಹೆಚ್ಚಾಗಿ ಆಯ್ದುಕೊಳ್ಳುವ ದ್ರವ್ಯಗಳಲ್ಲಿ ಕೈಟೋಸಾನ್ ಒಂದು. ಸಿಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ನನ್ನು ಕ್ಷಾರದಲ್ಲಿ ಸಂಸ್ಕರಿಸಿದರೆ ಇದು ದೊರೆಯುತ್ತದೆ. ಸಾರರಿಕ್ತ ಅಸೆಟಿಕ್ ಆಮ್ಲದಲ್ಲಿ ಕರಗಿಸಿ, ಪೆಡಸುತನ ಹೋಗುವಂತೆ ಗ್ಲಿಸರಾಲ್ ಬೆರೆಸಿ, ಸಮತಟ್ಟಾದ ತಟ್ಟೆಯಲ್ಲಿ ಹೊಯ್ದು ಒಣಗಿಸಿದರೆ ತೆಳುವಾದ ಹಾಳೆ ಏಳುತ್ತದೆ. ಆಮ್ಲೀಯ ಸ್ಥಿತಿಯಲ್ಲಿ ಇದರ ಅಮೈನೋ ಗುಂಪುಗಳು ಧನ ವಿದ್ಯುದಾವೇಶವನ್ನು ತಾಳುತ್ತವೆ; ಬ್ಯಾಕ್ಟೀರಿಯಗಳ ಹೊರಮೈ ಋಣಾವೇಶವುಳ್ಳದ್ದು. ಎರಡೂ ಕೂಡಿದಾಗ ಕೋಶದ ಪೊರೆ ಸಡಿಲಗೊಂಡು ಒಳಗಿನ ದ್ರವ್ಯ ಸೋರಿಹೋಗುತ್ತದೆ. ಹಾಗಾದರೆ ಅದು ಕೊಳೆಯುವುದೆಂತು ಎಂದು ವಾಚಕರು ಶಂಕಿಸಬಹುದು. ಕೈಟೋಸಾನನ್ನು ಕಡಿಯುವ ಕಿಣ್ವಗಳುಳ್ಳ ಜೀವಾಣುಗಳು ಮಣ್ಣಿನಲ್ಲಿವೆ.

ವಿದ್ಯಾರ್ಥಿಗಳು ಪರೀಕ್ಷೆಯ ವೇಳೆ ಎಚ್ಚರದಿಂದಿರಬೇಕು. ಅಗರ್ ತಟ್ಟೆಯ ಮೇಲೆ ಪೊರೆಯ ಬಿಲ್ಲೆಯನ್ನಿಟ್ಟು, ಸುತ್ತಲೂ ಜೀವಾಣು ಬೆಳೆಯದ ವಲಯವನ್ನು ಅಳೆಯುವುದು ರೂಢಿ. ಕೈಟೋಸಾನ್ ಅಗರಿನೊಳಕ್ಕೆ ಹೆಚ್ಚಾಗಿ ಹರಡದು. ಮುಟ್ಟಿದಲ್ಲಿ ಮಾತ್ರ ಕೆಲಸ ಮಾಡುತ್ತದೆ. ವಲಯ ಕಾಣಲಿಲ್ಲವೆಂದು ಪೊರೆ ನಿಷ್ಪ್ರಯೋಜಕವೆಂದು ಬರೆದುಬಿಡಬಾರದು. ಬಿಲ್ಲೆಯ ಅಡಿಯನ್ನು ನೋಡಬೇಕು. ಲವಂಗದ ಎಣ್ಣೆ ಬೆರೆಸಿದರೆ ವಲಯ ವಿಶಾಲವಾಗುವುದೇನೋ ನಿಜ. ಆದರೆ ಲವಂಗ ನಾರುವ ಬೆಲ್ಲವನ್ನು ಕೊಳ್ಳುವವರಾರು?

ನಿಜವಾದ ತೊಡಕು ಬೇರೆಡೆ ಇದೆ. ಪಾಲಿಥೀನಿನ ಅಣುಸರಪಳಿಗೆ ನೀರಿನ ಮೇಲೆ ಒಲವಿಲ್ಲ. ಆದುದರಿಂದ ನೀರಾವಿ ಸುಲಭವಾಗಿ ಹಾಯದು, ಮಣ್ಣಿನ ಕಿಣ್ವಗಳಿಗೂ ಅಲ್ಲಿ ಹಿಡಿತ ಸಿಕ್ಕದು. ಪಿಷ್ಟ, ಕೈಟೋಸಾನ್‌ಗಳ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿದ್ದು ನೀರನ್ನು ಬರಮಾಡಿಕೊಳ್ಳುತ್ತವೆ. ಪೊರೆಯನ್ನು ಮಣ್ಣಾಗಿಸುವ ಗುಣವೇ ಆಷಾಢದ ತೇವವನ್ನು ಬೆಲ್ಲದವರೆಗೂ ಬಿಟ್ಟುಕೊಡುತ್ತದೆ. ಜೇನುಮೇಣದ ಲೇಪ ಇದನ್ನು ತಗ್ಗಿಸಬಲ್ಲದು. ಕಬ್ಬಿನ ಸಿಪ್ಪೆಯಿಂದ ತೆಗೆದ ಸೂಕ್ಷ್ಮ ಸೆಲ್ಯುಲೋಸ್ ಎಳೆಗಳು ಹಾಳೆಗೆ ಬಲವನ್ನು ಕೊಡುತ್ತವೆ. ಆ ಸಿಪ್ಪೆಗೆ ಮಂಡ್ಯದಲ್ಲಿ ಕೊರತೆಯಿಲ್ಲ.

ಮದ್ದೂರಿನ ವಡೆಯ ಸಂಗತಿ ಹೀಗಲ್ಲ. ಅದರಿಂದ ಹೊರಸೂಸುವುದು ಎಣ್ಣೆ. ಆ ಎಣ್ಣೆಯನ್ನು ಕೆಡಿಸುವುದು ಆಮ್ಲಜನಕ. ಒಣ ಹವೆಯಲ್ಲಿ ಈ ಪೊರೆಗಳು ಎರಡನ್ನೂ ಚೆನ್ನಾಗಿ ತಡೆಯುತ್ತವೆ. ರೈಲಿನಲ್ಲಿ ಕೊಂಡ ವಡೆ ಬಹುಕಾಲ ಉಳಿಯುವುದೂ ಇಲ್ಲ. ಆದುದರಿಂದ ಪ್ರಯೋಗವನ್ನು ಬೆಲ್ಲಕ್ಕಿಂತ ಮೊದಲು ವಡೆಯಿಂದ ಆರಂಭಿಸುವುದು ಲೇಸೆಂದು ನಮ್ಮ ಮತ.

ಪೊರೆಯ ದ್ರವ್ಯವನ್ನು ಕಡಲಂಚಿನಿಂದಲೇ ತರಬೇಕೆಂದಿಲ್ಲ. ಮಳವಳ್ಳಿಯ ಕಡೆ ರೇಷ್ಮೆಹುಳು ಸಾಕುವವರಿದ್ದಾರೆ. ಗೂಡಿನ ಕವಚದ ತೂಕದಲ್ಲಿ ಸುಮಾರು ಕಾಲು ಪಾಲು ಸೆರಿಸಿನ್ ಎಂಬ ಅಂಟು ಪ್ರೋಟೀನು. ನೂಲು ಬಿಚ್ಚುವಾಗ ಅದರ ಒಂದಂಶ, ಮುಂದೆ ಅಂಟು ತೆಗೆಯುವಾಗ ಉಳಿದುದು ನೀರುಪಾಲಾಗುತ್ತದೆ. ಸೆರಿಸಿನ್ ಒಂದರಿಂದಲೇ ಮಾಡಿದ ಹಾಳೆ ಮುರಿದುಹೋಗುತ್ತದೆ, ಕೈಟೋಸಾನ್ ಅಥವಾ ಪಿಷ್ಟದೊಡನೆ ಬೆರೆಸಬೇಕು. ಅದಕ್ಕೂ ಮೊದಲು, ಅಷ್ಟೊಂದು ನೀರಿನಿಂದ ಅದನ್ನು ಬೇರ್ಪಡಿಸಲು ಎಷ್ಟು ಉರುವಲು ಬೇಕೆಂಬ ಲೆಕ್ಕವಾಗಬೇಕು.