ನಿಧಾನದ ಚಲನೆ, ನೆಲೆಗೊಂಡ ಮನಸ್ಸು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಹಿರಿಯ ಸದ್ಭಕ್ತರಲ್ಲಿ ಅನೇಕರು ಪೂಜೆಗೆ ಕುಳಿತರೆ ಮೇಲೇಳಲು ಗೋಡೆಯ ಆಸರೆ ಹುಡುಕುವುದನ್ನು ನಾವೆಲ್ಲ ಕಂಡಿದ್ದೇವೆ. ಬಿದ್ದೇನೆಂಬ ಭಯದಿಂದ ನಡಿಗೆ ಕಡಿಮೆಯಾಗುತ್ತದೆ. ನಡೆಯದ ಕಾಲು ಬಲಗುಂದುತ್ತದೆ. ಬಲಗುಂದಿದ ಕಾಲು ಬೀಳಿಸುತ್ತದೆ. ಈ ಸುಳಿಯಿಂದ ಪಾರಾಗಲು ನೆರವಾಗುವ ಒಂದು ಸಾಧನೆ ಚೀನಾ ದೇಶದ ತಾಯ್ ಚಿ.

ಇದರಲ್ಲಿ ಮೊಣಕಾಲನ್ನು ತುಸು ಬಗ್ಗಿಸಿ, ದೇಹದ ಭಾರವನ್ನು ಒಂದು ಪಾದದಿಂದ ಮತ್ತೊಂದಕ್ಕೆ ಮೆಲ್ಲನೆ ಸಾಗಿಸುತ್ತಾರೆ. ಉಸಿರು ಸರಾಗವಾಗಿರುತ್ತದೆ, ಗಮನ ಚಲನೆಯಲ್ಲಿಯೇ ನೆಲೆಸುತ್ತದೆ. ಚಿಗಾಂಗ್ ಎಂಬುದು ಇದರ ಸಮೀಪದ, ಇನ್ನೂ ಸರಳವಾದ ಅಭ್ಯಾಸ.

ವಿಜ್ಞಾನಿಗಳು ಇದನ್ನು ಇತರ ವ್ಯಾಯಾಮಗಳೊಡನೆ ಹೋಲಿಸಿ ಪರೀಕ್ಷಿಸಿದ್ದಾರೆ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಪಾರ್ಕಿನ್ಸನ್ ರೋಗವಿದ್ದ 195 ಮಂದಿಯನ್ನು ಮೂರು ಗುಂಪು ಮಾಡಿ, ವಾರಕ್ಕೆರಡು ಬಾರಿಯಂತೆ 24 ವಾರ ಅಭ್ಯಾಸ ಮಾಡಿಸಲಾಯಿತು. ದೇಹದ ಸಮತೋಲನದಲ್ಲಿ ತಾಯ್ ಚಿ ಗುಂಪು ಉಳಿದೆರಡಕ್ಕಿಂತ ಮುಂದಿತ್ತು. ಕೇವಲ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ ಈ ಗುಂಪಿನವರು ಕಡಿಮೆ ಬಿದ್ದರು. ಆದರೆ ಸ್ನಾಯುಬಲದ ವ್ಯಾಯಾಮ ಮಾಡಿದವರಿಗಿಂತ ಈ ವಿಷಯದಲ್ಲಿ ಸ್ಪಷ್ಟ ಮೇಲುಗೈ ಕಾಣಲಿಲ್ಲ. 2016ರ ಇನ್ನೊಂದು ಅಧ್ಯಯನದಲ್ಲಿ ಮೊಣಕಾಲ ಸವೆತವಿದ್ದ 204 ಮಂದಿ ಪಾಲ್ಗೊಂಡರು. ಅಲ್ಲಿ ತಾಯ್ ಚಿಯಿಂದ ದೊರೆತ ನೋವಿನ ಶಮನ ಫಿಜಿಯೋಥೆರಪಿಯಿಂದ ದೊರೆತಷ್ಟೇ ಇತ್ತು. ಮನಸ್ಸಿನ ಖಿನ್ನತೆ ಮಾತ್ರ ತಾಯ್ ಚಿಯಿಂದ ಹೆಚ್ಚು ತಗ್ಗಿತು.

ಹೀಗೆ ಒರೆಗೆ ಹಚ್ಚುವುದರಿಂದ ಸಾಧನೆಯ ಘನತೆಗೆ ಕುಂದಿಲ್ಲ. ನಮ್ಮ ಮುಂಡಗೋಡದ ಟಿಬೆಟನ್ ಶಿಬಿರದಲ್ಲಿರುವ ಡ್ರೆಪುಂಗ್, ಗಾಂದೆನ್ ಮಠಗಳ ಭಿಕ್ಷುಗಳು ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ನೆರವಿನಿಂದ ಧರ್ಮಗ್ರಂಥಗಳೊಡನೆ ಜೀವಶಾಸ್ತ್ರ, ನರವಿಜ್ಞಾನಗಳನ್ನೂ ಕಲಿಯುತ್ತಿದ್ದಾರೆ. ಧ್ಯಾನಿಸುವವರೇ ಮಿದುಳಿನ ಕಾರ್ಯವನ್ನು ಅರಿಯಲು ಹೊರಟಿರುವುದು ನಮಗೂ ಅನುಕರಣೀಯ.

ತಾಯ್ ಚಿ ಗುರುಗಳು ನಮ್ಮ ಹಳ್ಳಿಗಳಲ್ಲಿ ದೊರೆಯುವುದು ವಿರಳ. ಆದರೂ ಅದರ ಮೂಲಪಾಠವನ್ನು ಮನೆಯಲ್ಲಿ ಆರಂಭಿಸಬಹುದು. ಅಲುಗಾಡದ ಕುರ್ಚಿಯ ಹಿಂದೆ ನಿಂತು, ಅದರ ಬೆನ್ನನ್ನು ಹಿಡಿದು, ಪಾದಗಳನ್ನು ತುಸು ಅಗಲಿಸಿರಿ. ಭಾರವನ್ನು ನಿಧಾನವಾಗಿ ಬಲಗಾಲಿಗೆ, ಬಳಿಕ ಎಡಗಾಲಿಗೆ ತನ್ನಿರಿ. ಉಸಿರು ಬಿಗಿಹಿಡಿಯಬೇಡಿರಿ. ಮನೆಯವರೊಬ್ಬರು ಬಳಿಯಲ್ಲಿರಲಿ, ನೋವು ಹೆಚ್ಚಿದರೆ ನಿಲ್ಲಿಸಿರಿ. ತಲೆಸುತ್ತು ಇರುವವರು, ಇತ್ತೀಚೆಗೆ ಬಿದ್ದವರು ಮೊದಲು ವೈದ್ಯರನ್ನು ಕಾಣಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಗಳನ್ನು ಈ ಅಭ್ಯಾಸದ ಭರವಸೆಯಿಂದ ಯಾರೂ ಬಿಡಕೂಡದು.

ಫಲ ಕಾಣಲು ಅಧ್ಯಯನಗಳಲ್ಲಿಯೂ ತಿಂಗಳುಗಳೇ ಹಿಡಿದಿವೆ. ಆದುದರಿಂದ ಅವಸರ ಬೇಡ, ಆಲಸ್ಯವೂ ಬೇಡ. ದಿನವೂ ಕೆಲವು ನಿಮಿಷ ಕಾಲಿನ ಮೇಲೆ ಗಮನವಿಟ್ಟು ನಿಲ್ಲುವುದನ್ನು ರೂಢಿಸಿಕೊಳ್ಳೋಣ.