ಎಂಜಿನ್ ಬಿಚ್ಚುವ ಮೊದಲು

ಗಾಡಿ ಸ್ಟಾರ್ಟ್ ಆಗುತ್ತದೆ, ಊರೊಳಗೆ ಓಡಾಡುತ್ತದೆ, ಹೊಗೆಯನ್ನೂ ಧಾರಾಳವಾಗಿ ಬಿಡುತ್ತದೆ. ಚಾಮುಂಡಿ ಬೆಟ್ಟದ ರಸ್ತೆಗೆ ತಿರುಗಿಸಿದರೆ ಮಾತ್ರ ಹಳೇ ಗತ್ತು ಇಲ್ಲ. ಮೂರನೇ ಗೇರಿನಲ್ಲಿ ಹತ್ತುತ್ತಿದ್ದದ್ದು ಎರಡಕ್ಕೆ ಇಳಿಯುತ್ತದೆ, ಹಿಂದೆ ಒಬ್ಬರು ಕೂತಿದ್ದರೆ ಅದೂ ಸಾಲದು. ಮೈಸೂರಿನ ಜಾವಾ–ಯೆಜ್ಡಿ ಮೆಕ್ಯಾನಿಕ್‌ಗಳ ಅಂಗಡಿಗೆ ಬರುವ ದೊಡ್ಡ ದೂರು ಇದೇ: ‘ಪಿಕಪ್ ಇಲ್ಲ’. ಪೂರ್ತಿ ಕೆಟ್ಟು ನಿಂತ ಗಾಡಿಯ ದೋಷ ಹುಡುಕುವುದು ಅಷ್ಟು ಕಷ್ಟವಲ್ಲ. ಓಡುತ್ತಲೇ ಸೊರಗಿದ ಗಾಡಿಯದ್ದೇ ತಲೆನೋವು. ಕಸುಬು ಬಲ್ಲವನು ಯಾರು, ಸ್ಪ್ಯಾನರ್ ಹಿಡಿದವನು ಯಾರು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು 1961ರಿಂದ ಇಲ್ಲೇ ತಯಾರಿಸತೊಡಗಿತು. ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವಾದರೂ ಅವು ಫೋರ್ ಸ್ಟ್ರೋಕ್ ಗಾಡಿಗಳು, ಎಂಜಿನ್ ತಣಿಸುವುದಕ್ಕೆ ರೇಡಿಯೇಟರ್ ಬೇರೆ. ಹಳೇ ಮೆಕ್ಯಾನಿಕ್‌ಗೆ ಅದರಲ್ಲಿ ಪರಿಚಿತವಾದದ್ದು ಟ್ಯಾಂಕಿನ ಮೇಲಿನ ಹೆಸರೊಂದೇ. ಹಳೇ ಕಾರ್ಖಾನೆ ಮುಚ್ಚಿ ಇಷ್ಟು ಕಾಲವಾದ್ದರಿಂದ ರಸ್ತೆಯ ಮೇಲಿರುವ ಹಳೇ ಯೆಜ್ಡಿಗಳಲ್ಲಿ ಅತಿ ಕಿರಿಯದಕ್ಕೂ ಈಗ ಮೂವತ್ತರ ಆಸುಪಾಸು.

ಆ ಹಳೇ ಟೂ ಸ್ಟ್ರೋಕ್ ಎಂಜಿನ್ ನೋಡಲು ಬಲು ಸರಳ. ಒಂದೇ ಸಿಲಿಂಡರ್, 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಒಟ್ಟು 249 ಸಿಸಿ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಮುಚ್ಚಿ ತೆರೆಯುತ್ತದೆ. ಪಿಸ್ಟನ್ನಿನ ಮೇಲೆ ಪೆಟ್ರೋಲ್ ಉರಿಯುವಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಮುಂದಿನ ಸರದಿಯ ಪೆಟ್ರೋಲ್–ಗಾಳಿ ಒತ್ತಿಕೊಳ್ಳುತ್ತಿರುತ್ತದೆ. ಈ ಸರಳತೆ ನಂಬಿ ಮೋಸಹೋದವರು ಬಹಳ. ಬಿಚ್ಚುವುದು ಅರ್ಧ ದಿನದ ಕೆಲಸ ಎಂದು ಬಿಚ್ಚಿಯೇಬಿಡುತ್ತಾರೆ. ಹೊಸ ಪಿಸ್ಟನ್, ಹೊಸ ರಿಂಗ್, ಲೇತ್ ಶಾಪಿನಲ್ಲಿ ಬೋರ್, ಸಾವಿರಾರು ರೂಪಾಯಿ ಖರ್ಚು. ಜೋಡಿಸಿ ನೋಡಿದರೆ ಬೆಟ್ಟದ ಮೇಲೆ ಅದೇ ಹಾಡು.

ಒಳ್ಳೆಯ ಮೆಕ್ಯಾನಿಕ್ ಮೊದಲು ಕೇಳುತ್ತಾನೆ. ‘ಯಾವಾಗಿಂದ ಸಾರ್? ಒಮ್ಮೆಲೇ ಆಯ್ತಾ, ಬರ್ತಾ ಬರ್ತಾ ಆಯ್ತಾ?’ ತಿಂಗಳುಗಟ್ಟಲೆ ಇಷ್ಟಿಷ್ಟೇ ಇಳಿದ ಶಕ್ತಿ ಸವೆತವನ್ನೋ ಮಸಿಯನ್ನೋ ತೋರಿಸುತ್ತದೆ. ನಿನ್ನೆ ಇದ್ದು ಇವತ್ತು ಇಲ್ಲವೆಂದರೆ ಕಿಡಿ ಅಥವಾ ಕಾರ್ಬ್ಯುರೇಟರಿನ ಜೆಟ್. ತಣ್ಣಗಿದ್ದಾಗ ಚೆನ್ನಾಗಿ ಎಳೆದು, ಬಿಸಿಯಾದ ಮೇಲೆ ಮುಗ್ಗರಿಸಿದರೆ ಕಂಡೆನ್ಸರ್ ಮೇಲೆ, ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ. ನಾಲ್ಕಾರು ಕಿಲೋಮೀಟರ್ ಓಡಿ ನಿತ್ರಾಣವಾಗಿ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಸರಿಹೋಗುವ ಗಾಡಿಯ ಪೆಟ್ರೋಲ್ ಮುಚ್ಚಳ ತೆರೆದು ನೋಡಬೇಕು. ಮುಚ್ಚಳದ ಗಾಳಿಕಿಂಡಿ ಕಟ್ಟಿದ್ದರೆ ಟ್ಯಾಂಕ್ ‘ಸುಯ್’ ಎಂದು ಗಾಳಿ ಎಳೆದುಕೊಳ್ಳುತ್ತದೆ. ಸೂಜಿಮೊನೆಯಲ್ಲಿ ಮುಗಿಯುವ ರಿಪೇರಿ.

ಆಮೇಲೆ ಎಂಜಿನ್ನಿಗೆ ಸಂಬಂಧವೇ ಇಲ್ಲದ ಸಂಗತಿಗಳು. ನ್ಯೂಟ್ರಲ್‌ನಲ್ಲಿ ಗಾಡಿಯನ್ನು ತಳ್ಳಿ ನೋಡುತ್ತಾರೆ. ಬ್ರೇಕ್ ಡ್ರಮ್ಮು ಕೈ ಸುಡುವಷ್ಟು ಬಿಸಿಯಿದ್ದರೆ ಎಂಜಿನ್ ಪಾಪ ತನ್ನ ಕೆಲಸ ಮಾಡುತ್ತಲೇ ಇದೆ, ಲೈನರ್ ಹಿಡಿದುಕೊಂಡಿದೆ. ನಾಲ್ಕನೇ ಗೇರಿನಲ್ಲಿ ಆಕ್ಸಿಲೇಟರ್ ತಿರುವಿದಾಗ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ.

ಇವೆಲ್ಲ ಸರಿಯಿದ್ದರೆ ಬುದ್ಧಿವಂತ ಮೆಕ್ಯಾನಿಕ್ ಮುಂದಕ್ಕೆ ಬಾಗುವುದಿಲ್ಲ, ಗಾಡಿಯ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಜೊತೆಗೆ ಆಯಿಲೂ ಉರಿಯುತ್ತದೆ. ಲೀಟರಿಗೆ 40 ಮಿ.ಲೀ. ಬೆರೆಸುವುದು ಹಳಬರ ರೂಢಿ. ಪೆಟ್ರೋಲ್ ಬಂಕಿನಲ್ಲಿ ‘ಇರಲಿ ಒಂಚೂರು’ ಎಂದು ಜಾಸ್ತಿ ಸುರಿದ ಆಯಿಲೆಲ್ಲ ಸಿಲಿಂಡರಿನ ಎಕ್ಸಾಸ್ಟ್ ಕಿಂಡಿಯ ಸುತ್ತ, ಸೈಲೆನ್ಸರಿನೊಳಗೆ ಸದ್ದಡಗಿಸುವ ಬ್ಯಾಫಲ್ಲಿನ ತೂತುಗಳಲ್ಲಿ ಕರಿ ಹೆಪ್ಪಾಗಿ ಕೂರುತ್ತದೆ. ಹೊಗೆ ಹೊರಗೆ ಹೋಗದೆ ಹೊಸ ಗಾಳಿ ಒಳಗೆ ಬಾರದು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಬೆಟ್ಟದ ಮೆಟ್ಟಿಲು ಹತ್ತುವವನ ಪಾಡು ಅದರದ್ದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದು ಈ ಗಾಡಿಯ ವಿಶೇಷ. ಪತ್ತೆಗೂ ಅದೇ ಅನುಕೂಲ. ಎಂಜಿನ್ ಓಡುತ್ತಿರುವಾಗ ಎರಡೂ ಅಂಗೈಗಳನ್ನು ಎರಡೂ ಕೊನೆಗಳ ಹಿಂದೆ ಹಿಡಿದರೆ ಸಾಕು. ಒಂದು ಕಡೆ ಹೊಗೆ ರಭಸವಾಗಿ ಬಡಿದು, ಇನ್ನೊಂದು ಕಡೆ ಮಂದವಾಗಿದ್ದರೆ ಬೇರೆ ಸಾಕ್ಷಿ ಬೇಡ. ಬ್ಯಾಫಲ್ ಹೊರಗೆಳೆದು ಬೆಂಕಿಯಲ್ಲಿ ಸುಟ್ಟು, ತಂತಿ ಬ್ರಷ್ಷಿನಿಂದ ಉಜ್ಜಿ ಹಾಕುತ್ತಾರೆ. ಎಷ್ಟೋ ಗಾಡಿಗಳು ಇಷ್ಟರಲ್ಲೇ ಬೆಟ್ಟ ಹತ್ತಿವೆ. ಬ್ಯಾಫಲ್ಲನ್ನೇ ಕಿತ್ತೆಸೆದು ಬೀದಿಯೆಲ್ಲ ನಡುಗಿಸುವ ಹುಡುಗರೂ ಇದ್ದಾರೆ. ಸದ್ದು ಹೆಚ್ಚಾದದ್ದನ್ನು ಶಕ್ತಿ ಹೆಚ್ಚಾಯಿತೆಂದು ಅವರು ನಂಬಿದ್ದಾರೆ. ಎಕ್ಸಾಸ್ಟಿನ ಒಳಗಿನ ಒತ್ತಡ ತಪ್ಪಿದರೆ ಉರಿಯದ ಪೆಟ್ರೋಲೂ ಹೊಗೆಯ ಜೊತೆ ಆಚೆ ಓಡುತ್ತದೆ, ಏರಿನಲ್ಲಿ ಎಳೆತ ಇನ್ನೂ ಇಳಿಯುತ್ತದೆ.

ಇನ್ನು ಪ್ಲಗ್. ಏರಿನಲ್ಲಿ ಪೂರ್ತಿ ಆಕ್ಸಿಲೇಟರ್ ಕೊಟ್ಟು ಓಡಿಸಿ, ಥಟ್ಟನೆ ಇಗ್ನಿಷನ್ ಆಫ್ ಮಾಡಿ, ಕ್ಲಚ್ ಹಿಡಿದು ನಿಲ್ಲಿಸಿ ಬಿಚ್ಚಿದರೆ ಪ್ಲಗ್ ನಿಜ ಹೇಳುತ್ತದೆ. ಕಾಫಿಪುಡಿ ಬಣ್ಣವಾದರೆ ಸರಿ. ಒಣ ಕಪ್ಪಾದರೆ ಪೆಟ್ರೋಲ್ ಜಾಸ್ತಿ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಬೆಳ್ಳಗೆ ಬೂದಿಯಂತಿದ್ದರೆ ಗಾಳಿ ಜಾಸ್ತಿ, ಮುಂದೆ ಪಿಸ್ಟನ್ ಸೀಜ್ ಆಗುವ ಅಪಾಯ. ಮನೆಯಿಂದ ಅಂಗಡಿಯವರೆಗೆ ನಿಧಾನವಾಗಿ ಬಂದು ಬಿಚ್ಚಿದ ಪ್ಲಗ್ಗನ್ನು ಓದಿ ಜೆಟ್ ಬದಲಿಸುವವರ ಬಗ್ಗೆ ನನಗೆ ವಿಶ್ವಾಸವಿಲ್ಲ. ಹಳೇ ಯೆಜ್ಡಿಯ ಕಿಡಿ ಆರು ವೋಲ್ಟಿನ ಬ್ಯಾಟರಿಯಿಂದ ಬರುವಂಥದ್ದು. ಬ್ಯಾಟರಿ ಸೊರಗಿದರೆ ಕಿಡಿಯೂ ಸೊರಗಿ ಮಿಸ್ಸಿಂಗ್ ಶುರುವಾಗುತ್ತದೆ. ಕಿಡಿಯ ಕ್ಷಣ ನಿರ್ಧರಿಸುವ ಪಾಯಿಂಟ್ ಸವೆದರೆ ಟೈಮಿಂಗ್ ತಪ್ಪುತ್ತದೆ. ಪಿಸ್ಟನ್ ಮೇಲ್ತುದಿ ಮುಟ್ಟಲು ಸುಮಾರು ಮೂರು ಮಿ.ಮೀ. ಇರುವಾಗ ಪಾಯಿಂಟ್ ಬಿಡಿಸಿಕೊಂಡು ಕಿಡಿ ಹಾರಬೇಕು. ಆ ಕ್ಷಣ ಹಿಡಿಯಲು ಸಿಗರೇಟು ಪ್ಯಾಕಿನ ತೆಳ್ಳನೆ ಕಾಗದವನ್ನು ಪಾಯಿಂಟ್ ನಡುವೆ ಸಿಕ್ಕಿಸಿ, ಎಂಜಿನ್ ತಿರುಗಿಸುತ್ತ, ಕಾಗದ ಸಡಿಲಾಗುವುದನ್ನು ಬೆರಳಿನಲ್ಲೇ ತಿಳಿಯುತ್ತಾರೆ. ಕಿಡಿ ತಡವಾದರೆ ಎಂಜಿನ್ ವಿಪರೀತ ಕಾಯುತ್ತದೆ, ಸೋಮಾರಿಯಾಗುತ್ತದೆ. ಮುಂಚೆಯೇ ಹಾರಿದರೆ ಕಿಕ್ಕರ್ ಕಾಲಿಗೇ ತಿರುಗಿ ಒದೆಯುತ್ತದೆ.

ಅಪ್ಪನ ಕಾಲದ ಮೆಕ್ಯಾನಿಕ್‌ಗೆ ಇಲ್ಲದಿದ್ದ ಒಂದು ಕಾರಣ ಈಗ ಸೇರಿಕೊಂಡಿದೆ: ಪೆಟ್ರೋಲಿನಲ್ಲಿ ಶೇ 20 ಎಥೆನಾಲ್. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಕಡಿಮೆ ಕಸುವಿದೆ, ಜೊತೆಗೆ ಆಮ್ಲಜನಕವಿದೆ. ಹೊಸ ಗಾಡಿಯ ಕಂಪ್ಯೂಟರ್ ಅದನ್ನು ಅಳೆದು ಪೆಟ್ರೋಲ್ ಹೆಚ್ಚಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್‌ಗೆ ಆ ಬುದ್ಧಿ ಇಲ್ಲ, ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ. ಹಾಗಾಗಿ ಸರಿಯಿದ್ದ ಗಾಡಿಯ ಪ್ಲಗ್ಗೂ ಬಿಳಿಚಿಕೊಳ್ಳತೊಡಗುತ್ತದೆ. ಎಥೆನಾಲ್ ನೀರು ಹೀರುತ್ತದೆ, ಹಳೇ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ, ಟ್ಯಾಂಕಿನ ತುಕ್ಕು ಜೆಟ್ಟಿಗೆ ಬಂದು ಕೂರುತ್ತದೆ. ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕುವುದು ಈಗ ಕಂಡುಕೊಂಡಿರುವ ದಾರಿ.

ಕೊನೆಯಲ್ಲಿ ಕಂಪ್ರೆಷನ್. ಇಗ್ನಿಷನ್ ಆಫ್ ಮಾಡಿ ಕಿಕ್ಕರ್ ಮೇಲೆ ಮೈಭಾರ ಹಾಕಿದಾಗ ಅದು ತಡೆದು ತಡೆದು ಇಳಿಯಬೇಕು. ಸರಕ್ಕನೆ ಕುಸಿದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಒತ್ತುತ್ತಾರೆ. ಈಗ ಬಿಗಿ ಬಂದರೆ ರಿಂಗ್, ಬೋರ್ ಸವೆದಿವೆ ಎಂದರ್ಥ. ಬಿಗಿ ಮೊದಲಿಂದಲೂ ಇದ್ದೂ ಶಕ್ತಿ ಇಲ್ಲದಿದ್ದರೆ ಕಳ್ಳ ಕೆಳಗಿದ್ದಾನೆ, ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳಲ್ಲಿ. ಎಡಗಡೆಯದು ಹೋದರೆ ಗೇರ್ ಆಯಿಲ್ ಎಂಜಿನ್ನಿನೊಳಕ್ಕೆ ಸೇರಿ ದಟ್ಟ ಹೊಗೆಯಾಗಿ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಬಿದ್ದಿರುವುದಿಲ್ಲ, ಆಯಿಲ್ ಮಾತ್ರ ಕಡಿಮೆಯಾಗುತ್ತಿರುತ್ತದೆ. ಡೈನಮೋ ಇರುವ ಬಲಗಡೆಯದು ಹೋದರೆ ಕಳ್ಳಗಾಳಿ ನುಗ್ಗಿ, ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ಕೂಗು ಇಳಿಯುವುದಿಲ್ಲ. ಇದನ್ನು ಹಿಡಿಯದೆ ಬೋರ್ ಮಾಡಿಸಿದರೆ ಹೊಸ ಪಿಸ್ಟನ್ನೂ ಸುಟ್ಟುಹೋಗುತ್ತದೆ.

ಎಂಜಿನ್ ಬಿಚ್ಚಲೇಬೇಕೆಂದು ತೀರ್ಮಾನವಾದ ಮೇಲೆ ಕೆಲಸ ಬಹುಪಾಲು ಲೇತ್ ಶಾಪಿನವರದ್ದು. ಬೋರನ್ನು ಕಾಲು ಮಿಲಿಮೀಟರಿನಂತೆ ಹಿಗ್ಗಿಸುತ್ತ ಹೋಗಬಹುದು, ಒಂದು ಮಿಲಿಮೀಟರ್ ಆಸುಪಾಸಿನಲ್ಲಿ ಸಿಲಿಂಡರ್ ಮುಗಿಯಿತು, ಆಮೇಲೆ ಹೊಸ ಸ್ಲೀವ್ ಕೂರಿಸಬೇಕು. ಗಾಡಿ ಕೊಡುವಾಗ ಮೆಕ್ಯಾನಿಕ್ ಹೇಳುವ ಮಾತು ಒಂದೇ: ‘ಮೊದಲ ಐನೂರು ಕಿಲೋಮೀಟರ್ ಬೆಟ್ಟದ ಕಡೆ ಹೋಗಬೇಡಿ ಸಾರ್.’